ದಿನಾ ನಡೆಯುವ ಅರ್ಧ ಕಿಲೋಮೀಟರ್: ನಗರದ ಹಿರಿಯರಿಗೊಂದು ಕೈಪಿಡಿ

ನಗರದಲ್ಲಿ ಹಿರಿಯರ ಆರೋಗ್ಯ ಅಂದ ಕೂಡಲೇ ಮಾತು ಬಿಪಿ, ಶುಗರ್, ಮೊಣಕಾಲು ನೋವಿನ ಕಡೆ ತಿರುಗುತ್ತದೆ. ಗೇಟಿನಾಚೆ ಅಲ್ಲಾಡುತ್ತಿರುವ ಚಪ್ಪಡಿಗೆ ಯಾವ ಡಾಕ್ಟರೂ ಚೀಟಿ ಬರೆಯುವುದಿಲ್ಲ. ಆದರೆ ತೊಂದರೆ ಎಷ್ಟೋ ಸಲ ಶುರುವಾಗುವುದು ಅಲ್ಲಿಂದಲೇ. ಒಮ್ಮೆ ಎಡವಿದವರು ಆ ದಾರಿ ಬಿಡುತ್ತಾರೆ. ದಾರಿ ಬಿಟ್ಟರೆ ನಡಿಗೆ ತಪ್ಪುತ್ತದೆ, ನಡಿಗೆ ತಪ್ಪಿದರೆ ಕಾಲಿನ ಕಸುವು ಇಳಿಯುತ್ತದೆ, ಕಸುವು ಇಳಿದ ಮೇಲೆ ಬೀಳುವ ಭಯ ಮೊದಲಿಗಿಂತ ಹೆಚ್ಚು. ಆಮೇಲೆ ಗೆಳೆಯರ ಮನೆಯೂ ದೂರ, ಬ್ಯಾಂಕಿನ ಸಣ್ಣ ಕೆಲಸಕ್ಕೂ ಮಕ್ಕಳ ಬಿಡುವು ಕಾಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅವರಲ್ಲಿ ಹೆಚ್ಚಿನವರು 60 ದಾಟಿದವರು.

ಇದೇ ಸಂಸ್ಥೆ 2007ರಲ್ಲಿ ಹಿರಿಯಸ್ನೇಹಿ ನಗರಗಳ ಬಗ್ಗೆ ಒಂದು ಮಾರ್ಗದರ್ಶಿ ಹೊರತಂದಿತು. ಅದಕ್ಕಾಗಿ 33 ನಗರಗಳಲ್ಲಿ ವಯಸ್ಸಾದವರನ್ನೇ ಕೂರಿಸಿ ಮಾತಾಡಿಸಿದ್ದರು. ಸಾರಿಗೆ, ವಸತಿ, ಮಾಹಿತಿ, ಆರೋಗ್ಯ ಸೇವೆ ಎಂದು ಎಂಟು ವಿಷಯ ಗುರುತಿಸಿದ ಆ ಪಟ್ಟಿಯಲ್ಲಿ ಮೊದಲಿಗೇ ಬರುವುದು ಮನೆಯಾಚೆಯ ಜಾಗ ಮತ್ತು ಕಟ್ಟಡಗಳು. ಎಂಟನ್ನೂ ಹಿಡಿದು ಹೊರಟರೆ ನಾವು ನೀವು ಸುಸ್ತಾಗಿ ಕೂರುತ್ತೇವೆ. ಹಾಗಾಗಿ ಇಲ್ಲಿ ಹೇಳುವ ದಾರಿ ಒಂದೇ: ಇಡೀ ಊರನ್ನು ತಿದ್ದಲು ಹೋಗಬೇಡಿ. ನೀವು ದಿನಾ ಓಡಾಡುವ ಅರ್ಧ ಕಿಲೋಮೀಟರ್ ಹಿಡಿದುಕೊಳ್ಳಿ, ಅದನ್ನು ಸರಿ ಮಾಡಿಸುವ ತನಕ ಬಿಡಬೇಡಿ.

ಮೊದಲು ದಾರಿ ಗೊತ್ತುಮಾಡಿಕೊಳ್ಳಿ

ಒಂದು ಹಾಳೆ ತೆಗೆದುಕೊಂಡು, ಕಳೆದ ವಾರ ಮನೆಯಿಂದ ನಡೆದುಕೊಂಡು ಎಲ್ಲೆಲ್ಲಿಗೆ ಹೋದಿರಿ ಎಂದು ಬರೆಯಿರಿ. ಔಷಧಿ ಅಂಗಡಿ, ಬಸ್ ನಿಲ್ದಾಣ, ಪಾರ್ಕು, ಗ್ರಂಥಾಲಯ, ಯಾವುದಾದರೂ ಸರಿ. ಅದರ ಪಕ್ಕದಲ್ಲಿ, ಹೋಗಬೇಕು ಅನ್ನಿಸಿಯೂ ಹೋಗದ ಜಾಗಗಳನ್ನು ಬರೆಯಿರಿ. ನನ್ನ ಮಟ್ಟಿಗೆ ಈ ಎರಡನೆಯ ಪಟ್ಟಿಯೇ ಮುಖ್ಯ. ಹೋಗುವುದನ್ನು ನಾವು ಯಾವಾಗ ನಿಲ್ಲಿಸಿದೆವು ಎಂಬುದು ನಮಗೇ ಗೊತ್ತಾಗಿರುವುದಿಲ್ಲ. ‘ಈಗೀಗ ಆಗಲ್ಲಪ್ಪ’ ಎಂದು ವಯಸ್ಸಿನ ಮೇಲೆ ಹಾಕಿಬಿಟ್ಟಿರುತ್ತೇವೆ. ಕೆದಕಿ ನೋಡಿದರೆ ಅಡ್ಡಿ ಒಂದು ತೆರೆದ ಚರಂಡಿಯೋ, ದಾಟಲಾಗದ ವೃತ್ತವೋ, ದಾರಿಯಲ್ಲೊಂದು ಶೌಚಾಲಯ ಇಲ್ಲದ್ದೋ ಆಗಿರುತ್ತದೆ.

ಎರಡೂ ಪಟ್ಟಿ ಸೇರಿಸಿ ಒಂದು ದಾರಿ ಆರಿಸಿ. ಒಂದೇ. ನೆರೆಯ ಒಂದಿಬ್ಬರಿಗೂ ಅದೇ ದಾರಿ ಬೇಕಾಗಿದ್ದರೆ ಒಳ್ಳೆಯದು, ಮುಂದೆ ಅವರ ಸಹಿ ಬೇಕಾಗುತ್ತದೆ.

ನೋಡುತ್ತಾ ನಡೆಯುವುದು

ಈ ನಡಿಗೆಗೆ ಒಬ್ಬರೇ ಹೋಗಬೇಡಿ. ನಡೆಯುವಾಗ ಬರೆಯುವುದು, ಫೋಟೋ ತೆಗೆಯುವುದು ಎರಡೂ ಬೀಳುವುದಕ್ಕೆ ಸುಲಭದ ದಾರಿ. ಬರೆಯಲೊಬ್ಬರು, ನೋಡಲೊಬ್ಬರು ಇರಲಿ. ನೋಡುವುದಿದ್ದರೆ ನಿಂತು ನೋಡಿ, ಆಮೇಲೆ ಮುಂದೆ ಹೋಗಿ. ಕಾಲಿಗೆ ಹಿಡಿತವಿರುವ ಚಪ್ಪಲಿ ಅಥವಾ ಶೂ, ಕೈಯಲ್ಲಿ ನೀರು, ಜೇಬಿನಲ್ಲೊಂದು ಅಳತೆ ಟೇಪು, ಇಷ್ಟು ಸಾಕು. ಒಮ್ಮೆ ಬೆಳಕಿನಲ್ಲಿ ಹೋಗಿ, ಇನ್ನೊಮ್ಮೆ ಕತ್ತಲಾದ ಮೇಲೆ. ಮಳೆ ನಿಂತ ಮರುದಿನವೂ ಹೋಗಲಾದರೆ ಇನ್ನೂ ಒಳ್ಳೆಯದು, ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಅಂದೇ ತಿಳಿಯುವುದು.

ಮೊದಲು ಕಾಲಡಿ ನೋಡಿ. ಚರಂಡಿ ಮೇಲಿನ ಚಪ್ಪಡಿಯ ಒಂದು ಮೂಲೆಯನ್ನು ಕೋಲಿನಿಂದ ಒತ್ತಿದರೆ ‘ಟಕ್’ ಎಂದು ಸದ್ದು ಬಂದು ಇನ್ನೊಂದು ಮೂಲೆ ಏಳುತ್ತದೆಯೇ? ಅದು ಕುಳಿತಿಲ್ಲ ಎಂದರ್ಥ. ಇಂಥದ್ದು ಮುರಿದ ಚಪ್ಪಡಿಗಿಂತ ಅಪಾಯ. ಮುರಿದದ್ದು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಎರಡು ಹಾಸುಗಲ್ಲುಗಳ ನಡುವೆ ಒಂದು ಬೆರಳಿನಷ್ಟು ಏರುಪೇರು ಇದ್ದರೂ ಬರೆದುಕೊಳ್ಳಿ. ವಯಸ್ಸಾದಂತೆ ನಡೆಯುವಾಗ ಪಾದ ನೆಲದಿಂದ ಮೇಲೇಳುವುದು ಕಮ್ಮಿಯಾಗುತ್ತದೆ, ಎಡವಲು ಗುಂಡಿಯೇ ಬೇಕಿಲ್ಲ.

ಫುಟ್‌ಪಾತಿನ ಅಂಚಿನ ಎತ್ತರ ಅಳೆಯಿರಿ. 15 ಸೆಂಟಿಮೀಟರ್‌ಗಿಂತ ಹೆಚ್ಚಿದ್ದರೆ ಅದು ಮೆಟ್ಟಿಲಲ್ಲ, ಗೋಡೆ. ಅಂಥ ಕಡೆ ಜನ ರಸ್ತೆಯಲ್ಲೇ ನಡೆಯುತ್ತಾರೆ. ಅವರನ್ನು ಬೈದು ಫಲವಿಲ್ಲ. ಇಳಿಜಾರು ಇದ್ದರೆ ಅದರ ಲೆಕ್ಕವೂ ಸರಳ: ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಅದಕ್ಕಿಂತ ಕಡಿದಾದ ಇಳಿಜಾರಿನಲ್ಲಿ ಗಾಲಿಕುರ್ಚಿ ತಳ್ಳುವವರ ಕೈ ಸೋಲುತ್ತದೆ, ಇಳಿಯುವಾಗ ಹಿಡಿತವೂ ತಪ್ಪುತ್ತದೆ. ಅಗಲದ ವಿಷಯಕ್ಕೆ ಬಂದರೆ, ಎರಡು ಗಾಲಿಕುರ್ಚಿ ಎದುರುಬದುರಾಗಿ ದಾಟಲು ಸುಮಾರು 1.8 ಮೀಟರ್ ಜಾಗ ಬೇಕು. ಕಾಗದದ ಮೇಲಿನ ಅಗಲ ಬೇರೆ, ಕಂಬ, ಜನರೇಟರ್, ನಿಲ್ಲಿಸಿದ ಬೈಕು ಕಳೆದು ಉಳಿಯುವ ಅಗಲ ಬೇರೆ. ನೀವು ಅಳೆಯಬೇಕಾದ್ದು ಎರಡನೆಯದು.

ಹಳದಿ ಉಬ್ಬು ಹಂಚುಗಳು ಕಂಡರೆ ಅವು ಎಲ್ಲಿಗೆ ಹೋಗಿ ಮುಟ್ಟುತ್ತವೆ ಎಂದು ನೋಡಿ. ದೃಷ್ಟಿ ಕಮ್ಮಿ ಇರುವವರಿಗೆ ದಾರಿ ತಿಳಿಯಲೆಂದು ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ರೂಪಿಸಿದ ಹಂಚು ಅದು. 1967ರಲ್ಲಿ ಒಕಾಯಾಮಾದಲ್ಲಿ ಮೊದಲ ಸಲ ಹಾಕಿದರು. ಈಗ ಎಷ್ಟೋ ಊರುಗಳಲ್ಲಿ ಅದನ್ನು ಅಲಂಕಾರ ಎಂದುಕೊಂಡು ಹಾಕಿ, ಸೀದಾ ವಿದ್ಯುತ್ ಕಂಬಕ್ಕೆ ಕೊಂಡೊಯ್ದು ನಿಲ್ಲಿಸುತ್ತಾರೆ. ಇದನ್ನು ಫೋಟೋ ಸಮೇತ ಬರೆದರೆ ಯಾವ ಎಂಜಿನಿಯರೂ ವಾದ ಮಾಡಲಾರರು.

ಆಮೇಲೆ ರಸ್ತೆ ದಾಟುವ ಜಾಗ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ, ಏಕೆಂದರೆ ಇಲ್ಲಿ ಬರಿಯ ಮಾತಿಗಿಂತ ಲೆಕ್ಕಕ್ಕೆ ಬೆಲೆ. ಪಾದಚಾರಿಗಳ ಹಸಿರು ದೀಪ ಎಷ್ಟು ಸೆಕೆಂಡ್ ಉರಿಯಬೇಕು ಎಂದು ಲೆಕ್ಕ ಹಾಕುವಾಗ, ಒಬ್ಬ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಎಂದು ಹಿಡಿಯುವುದು ಅನೇಕ ದೇಶಗಳ ರೂಢಿ. ಇಂಗ್ಲೆಂಡಿನಲ್ಲಿ 65 ದಾಟಿದವರ ನಡಿಗೆ ಅಳೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸರಾಸರಿ ವೇಗ ಗಂಡಸರಿಗೆ 0.9 ಮೀಟರ್, ಹೆಂಗಸರಿಗೆ 0.8 ಮೀಟರ್. ಈಗ 14 ಮೀಟರ್ ಅಗಲದ ರಸ್ತೆಯನ್ನು ತೆಗೆದುಕೊಳ್ಳಿ. ಪುಸ್ತಕದ ಲೆಕ್ಕದಲ್ಲಿ 12 ಸೆಕೆಂಡ್ ಸಾಕು. ಸೆಕೆಂಡಿಗೆ 0.8 ಮೀಟರ್ ನಡೆಯುವವರಿಗೆ ಹದಿನೇಳೂವರೆ ಬೇಕು. 12ನೇ ಸೆಕೆಂಡಿಗೆ ದೀಪ ಕೆಂಪಾದಾಗ ಅವರು ಇನ್ನೂ ನಾಲ್ಕು ಮೀಟರ್ ಹಿಂದೆ, ಒಂದು ಇಡೀ ಲೇನಿನ ವಾಹನಗಳ ಮುಂದೆ ಇರುತ್ತಾರೆ.

ನೀವು ಮಾಡಬೇಕಾದ್ದು ಇಷ್ಟೇ. ಫೋನಿನ ಸ್ಟಾಪ್‌ವಾಚ್ ಹಿಡಿದು ಹಸಿರು ದೀಪ ಎಷ್ಟು ಹೊತ್ತು ಇರುತ್ತದೆ ಎಂದು ಪಕ್ಕದಲ್ಲಿ ನಿಂತು ಎಣಿಸಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಯಾಕೆಂದರೆ ದಟ್ಟಣೆಗೆ ತಕ್ಕಂತೆ ಸಮಯ ಬದಲಾಗುವ ಸಿಗ್ನಲ್‌ಗಳಿವೆ. ನಿಮ್ಮ ವೇಗವನ್ನು ರಸ್ತೆಯಲ್ಲಿ ಅಳೆಯಲು ಹೋಗಬೇಡಿ. ಮನೆ ಮುಂದೆಯೋ ಪಾರ್ಕಿನಲ್ಲೋ ಟೇಪು ಹಿಡಿದು ಹತ್ತು ಮೀಟರ್ ಗುರುತು ಹಾಕಿ, ಎಂದಿನ ಹಾಗೆ ನಡೆದು ನೋಡಿ. ಹತ್ತನ್ನು ತೆಗೆದುಕೊಂಡ ಸೆಕೆಂಡಿನಿಂದ ಭಾಗಿಸಿದರೆ ನಿಮ್ಮ ವೇಗ ಸಿಕ್ಕಿತು. ಸಿಂಗಪುರದಲ್ಲಿ 2009ರಿಂದ ಒಂದು ವ್ಯವಸ್ಥೆ ಇದೆ: ಹಿರಿಯರು ತಮ್ಮ ಕಾರ್ಡನ್ನು ಸಿಗ್ನಲ್ ಕಂಬಕ್ಕೆ ತಾಗಿಸಿದರೆ, ರಸ್ತೆಯ ಅಗಲಕ್ಕೆ ತಕ್ಕಂತೆ 3ರಿಂದ 13 ಸೆಕೆಂಡ್ ಹೆಚ್ಚಿಗೆ ಸಿಗುತ್ತದೆ. ಅಷ್ಟು ದೊಡ್ಡ ವ್ಯವಸ್ಥೆ ನಿಮ್ಮ ಊರಿಗೆ ನಾಳೆಯೇ ಬರಲಿಕ್ಕಿಲ್ಲ. ಆದರೆ ಇರುವ ಸಿಗ್ನಲ್ಲಿಗೆ ಐದಾರು ಸೆಕೆಂಡ್ ಸೇರಿಸಲು ರಸ್ತೆ ಅಗೆಯಬೇಕಿಲ್ಲ, ಟೆಂಡರ್ ಕರೆಯಬೇಕಿಲ್ಲ. ಅದಕ್ಕೇ ಇದನ್ನು ಕೇಳಲು ಹಿಂಜರಿಯಬಾರದು ಎನ್ನುತ್ತೇನೆ.

ಕೂರುವ ಜಾಗದ ಬಗ್ಗೆ ನನ್ನದೊಂದು ಹಟವಿದೆ. ದೂರದ ದೊಡ್ಡ ಪಾರ್ಕಿಗಿಂತ ದಾರಿಯ ನಡುವಿನ ಒಂದು ಬೆಂಚು ಹಿರಿಯರಿಗೆ ಹೆಚ್ಚು ಉಪಯೋಗ. ಎರಡು ನಿಮಿಷ ಕೂರಲು ಸಿಗುತ್ತದೆ ಎಂಬ ಧೈರ್ಯವಿದ್ದರೆ ಜನ ಇನ್ನೊಂದಿಷ್ಟು ದೂರ ನಡೆಯುತ್ತಾರೆ. ಬೆಂಚು ಎಂದರೆ ಯಾವುದೋ ಕಲ್ಲುಕಟ್ಟೆ ಆಗದು. ಸುಮಾರು 45 ಸೆಂಟಿಮೀಟರ್ ಎತ್ತರ, ಬೆನ್ನಿಗೆ ಆಸರೆ, ಏಳುವಾಗ ಒತ್ತಿ ಹಿಡಿಯಲು ಕೈತೋಳು ಇರಬೇಕು. ಕೈತೋಳಿಲ್ಲದ ತಗ್ಗಿನ ಬೆಂಚಿನಲ್ಲಿ ಕೂತವರು ಏಳಲು ಇನ್ನೊಬ್ಬರ ಕೈ ಹುಡುಕಬೇಕು. ನ್ಯೂಯಾರ್ಕ್‌ನಲ್ಲಿ ಸಿಟಿಬೆಂಚ್ ಎಂಬ ಯೋಜನೆಯಡಿ ಜನರೇ ‘ಇಂಥಲ್ಲಿ ಬೆಂಚು ಬೇಕು’ ಎಂದು ನಗರಾಡಳಿತಕ್ಕೆ ಕೋರಿಕೆ ಸಲ್ಲಿಸಬಹುದು. ನಿಮ್ಮಲ್ಲಿ ಅಂಥ ಯೋಜನೆ ಇಲ್ಲದಿದ್ದರೂ ಕೋರಿಕೆ ಸಲ್ಲಿಸಲು ಯಾರೂ ತಡೆಯುವುದಿಲ್ಲ. ಎಲ್ಲಿ ಬೇಕು ಎಂಬುದನ್ನು ಮಾತ್ರ ಸರಿಯಾಗಿ ಹೇಳಿ: ಏರು ಮುಗಿಯುವ ಜಾಗ, ಬಸ್ ನಿಲ್ದಾಣ, ಆಸ್ಪತ್ರೆಯ ಎದುರು.

ಶೌಚಾಲಯದ ಮಾತನ್ನು ಜನ ಬಾಯಿಬಿಟ್ಟು ಆಡುವುದಿಲ್ಲ, ಹಾಗಾಗಿಯೇ ಅದು ಯಾವ ಅರ್ಜಿಯಲ್ಲೂ ಬರುವುದಿಲ್ಲ. ಪ್ರಾಸ್ಟೇಟ್ ತೊಂದರೆ ಇರುವವರು, ಮೂತ್ರದ ಅವಸರ ತಡೆಯಲಾಗದವರು, ನೀರು ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮುಂಚೆ ಮಾಡುವ ಮೊದಲ ಲೆಕ್ಕ ಇದೇ. ಕೆಲವರು ಹೊರಗೆ ಹೋಗುವ ದಿನ ನೀರೇ ಕುಡಿಯುವುದಿಲ್ಲ. ಅದರಿಂದ ತಲೆಸುತ್ತು, ಮೂತ್ರದ ಸೋಂಕು, ಮತ್ತೆ ಬೀಳುವುದು. ದಾರಿಯಲ್ಲಿರುವ ಸಾರ್ವಜನಿಕ ಶೌಚಾಲಯ ಯಾವ ಹೊತ್ತಿಗೆ ತೆರೆದಿರುತ್ತದೆ, ನೆಲ ಜಾರುತ್ತದೆಯೇ, ಹಿಡಿಕೆ ಇದೆಯೇ, ಚಿಲಕ ಬೀಳುತ್ತದೆಯೇ ಎಂದು ಬರೆಯಿರಿ. ಹೊಸದು ಕಟ್ಟಲು ಜಾಗವಿಲ್ಲ ಎಂಬ ಉತ್ತರ ಬಂದರೆ ಜರ್ಮನಿಯ ಆಲೆನ್ ಪಟ್ಟಣದ ಉದಾಹರಣೆ ಕೊಡಿ. ಅಲ್ಲಿ ಅಂಗಡಿ, ಹೋಟೆಲುಗಳು ತಮ್ಮ ಶೌಚಾಲಯವನ್ನು ಎಲ್ಲರಿಗೂ ತೆರೆದಿಡುತ್ತವೆ, ಬಾಗಿಲ ಮೇಲೆ ಗುರುತಿನ ಚೀಟಿ ಅಂಟಿಸಿರುತ್ತಾರೆ, ಅದಕ್ಕೆ ಪ್ರತಿಯಾಗಿ ಪುರಸಭೆ ಅವರಿಗೆ ಹಣ ಕೊಡುತ್ತದೆ. ಈ ಏರ್ಪಾಡು ಆಮೇಲೆ ಆ ದೇಶದ ಎಷ್ಟೋ ಊರುಗಳಿಗೆ ಹರಡಿತು.

ಬೆಳಕು: ಅರವತ್ತರ ಕಣ್ಣಿನ ಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ. ಎಳೆಯರಿಗೆ ಸಾಕೆನಿಸುವ ಬೀದಿದೀಪ ನಿಮಗೆ ಸಾಲದಿದ್ದರೆ ಅದು ನಿಮ್ಮ ಗೊಣಗಾಟವಲ್ಲ. ಉರಿಯದ ದೀಪದ ಕಂಬದ ಸಂಖ್ಯೆ ಬರೆದುಕೊಳ್ಳಿ. ಮರದ ಕೊಂಬೆ ದೀಪವನ್ನು ಮುಚ್ಚಿದ್ದರೆ ಅದು ಬೇರೆ ದೂರು, ಬೇರೆ ಇಲಾಖೆ.

ಹಾರ್ನು, ಧೂಳು, ಕಸ, ಬೀದಿನಾಯಿ ಎಲ್ಲವೂ ಇವೆ. ಬರೆದುಕೊಳ್ಳಿ, ಆದರೆ ಈ ಸುತ್ತಿನಲ್ಲಿ ಅವನ್ನು ಬದಿಗಿಡಿ.

ಯಾರ ಪಾಲಿನ ಕೆಲಸ ಯಾವುದು

ದೂರುಗಳು ಸಾಯುವುದು ಹೆಚ್ಚಾಗಿ ಇಲ್ಲಿ. ಫುಟ್‌ಪಾತ್ ಪಾಲಿಕೆಯದು, ಅದರ ನಡುವಿನ ಮ್ಯಾನ್‌ಹೋಲ್ ಮುಚ್ಚಳ ಒಳಚರಂಡಿ ಮಂಡಳಿಯದು, ಪಕ್ಕದ ಟ್ರಾನ್ಸ್‌ಫಾರ್ಮರ್ ವಿದ್ಯುತ್ ಕಂಪನಿಯದು, ಅಗೆದು ಮುಚ್ಚದೆ ಹೋದ ಗುಂಡಿ ಕೇಬಲ್ ಹಾಕಿದವರದು, ಸಿಗ್ನಲ್ಲು ಸಂಚಾರ ಪೊಲೀಸರದು. ಊರಿಂದೂರಿಗೆ ಈ ಹಂಚಿಕೆ ಬದಲಾಗುತ್ತದೆ. ಮುಖ್ಯರಸ್ತೆ ಒಂದು ವಿಭಾಗ, ಒಳರಸ್ತೆ ಇನ್ನೊಂದು ಎಂಬುದೂ ಉಂಟು. ಹಾಗಾಗಿ ವಾರ್ಡ್ ಕಚೇರಿಗೆ ಒಮ್ಮೆ ಹೋಗಿ, ನಿಮ್ಮ ರಸ್ತೆಯ ಹೆಸರು ಹೇಳಿ, ‘ಇದರ ಫುಟ್‌ಪಾತ್ ಯಾರ ಕೈಯಲ್ಲಿದೆ, ದೀಪ ಯಾರದು, ಚರಂಡಿ ಯಾರದು’ ಎಂದು ಕೇಳಿ ಹುದ್ದೆಯ ಹೆಸರು ಬರೆದುಕೊಳ್ಳಿ. ಅಧಿಕಾರಿಯ ಹೆಸರಿಗಿಂತ ಹುದ್ದೆ ಮುಖ್ಯ. ವರ್ಗವಾದರೂ ಅರ್ಜಿ ಮೇಜಿನ ಮೇಲೇ ಇರುತ್ತದೆ.

ಕಚೇರಿಗೆ ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದಂತೆ ಹೋಗುವುದು ಲೇಸು. ಎಂಜಿನಿಯರುಗಳು ಹೊತ್ತೇರಿದಂತೆ ಸೈಟಿಗೆ ಹೊರಟುಬಿಡುತ್ತಾರೆ, ಮಧ್ಯಾಹ್ನ ಹೋದರೆ ಬೆಂಚಿನ ಮೇಲೆ ಕಾಯುವುದೇ ಕೆಲಸ.

ಅರ್ಜಿ ಬರೆಯುವ ಬಗೆ

ಸಾಮಾನ್ಯವಾಗಿ ನಾವು ಬರೆಯುವುದು ಹೀಗೆ: ‘ನಮ್ಮ ಬಡಾವಣೆಯ ರಸ್ತೆಗಳು ತುಂಬಾ ಹದಗೆಟ್ಟಿವೆ. ಹಿರಿಯ ನಾಗರಿಕರು ಓಡಾಡುವುದೇ ಕಷ್ಟವಾಗಿದೆ. ತಾವು ಕೂಡಲೇ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.’ ಇದಕ್ಕೆ ಬರುವ ಉತ್ತರವೂ ಗೊತ್ತಿರುವುದೇ: ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಇಬ್ಬರೂ ಏನನ್ನೂ ಹೇಳಲಿಲ್ಲ, ಕಡತ ಮುಚ್ಚಿತು.

ಅದನ್ನೇ ಹೀಗೆ ಬರೆದು ನೋಡಿ:

‘ವಿಷಯ: ಮೂರನೇ ಅಡ್ಡರಸ್ತೆ, 27ನೇ ಸಂಖ್ಯೆಯ ವಿದ್ಯುತ್ ಕಂಬದ ಬಳಿ ಮುರಿದಿರುವ ಚರಂಡಿ ಚಪ್ಪಡಿಗಳನ್ನು ಬದಲಿಸುವ ಬಗ್ಗೆ.

ಮಾನ್ಯರೇ, ಮೇಲ್ಕಂಡ ಜಾಗದಲ್ಲಿ ಚರಂಡಿಯ ಮೇಲಿನ ಎರಡು ಚಪ್ಪಡಿಗಳು ಮುರಿದು, ಎರಡು ಅಡಿ ಉದ್ದದ ಸಂದು ಬಿದ್ದಿದೆ. ಕೆಳಗೆ ಚರಂಡಿ ಮೂರು ಅಡಿ ಆಳವಿದೆ. ಬಸ್ ನಿಲ್ದಾಣಕ್ಕೆ ಹೋಗಲು ಈ ಬದಿಯಲ್ಲಿ ಮಾತ್ರ ಫುಟ್‌ಪಾತ್ ಇರುವುದರಿಂದ ಇಲ್ಲಿ ನಾವು ವಾಹನಗಳ ನಡುವೆ ರಸ್ತೆಗೆ ಇಳಿಯಬೇಕಾಗಿದೆ. ಈ ಎರಡು ಚಪ್ಪಡಿಗಳನ್ನು ಬದಲಿಸಿಕೊಡಬೇಕು. ಅಲ್ಲಿಯವರೆಗೆ ಸಂದಿನ ಸುತ್ತ ಇಂದೇ ತಡೆ ಇಡಿಸಬೇಕು. ಕೆಲಸ ಯಾವ ದಿನಾಂಕದೊಳಗೆ ಆಗುತ್ತದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಎರಡು ಫೋಟೋ ಲಗತ್ತಿಸಿದೆ.’

ಮೊದಲನೆಯದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಭಾಷೆಯ ಸೊಗಸಿನದಲ್ಲ. ಇದನ್ನು ಓದಿದ ಕಿರಿಯ ಎಂಜಿನಿಯರು ಎದ್ದು ಹೋಗಿ ಕಂಬದ ಸಂಖ್ಯೆ ಹುಡುಕಿ, ಎರಡು ಚಪ್ಪಡಿಗೆ ಅಂದಾಜುಪಟ್ಟಿ ಹಾಕಬಹುದು. ‘ತುಂಬಾ ಹದಗೆಟ್ಟಿವೆ’ ಎಂಬುದಕ್ಕೆ ಅಂದಾಜುಪಟ್ಟಿ ಹಾಕಲು ಬರುವುದಿಲ್ಲ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ. ಐದು ವಿಷಯ ಸೇರಿಸಿದರೆ ಅತಿ ಸುಲಭದ್ದೊಂದನ್ನು ಮಾಡಿ ‘ಇತ್ಯರ್ಥವಾಗಿದೆ’ ಎಂದು ಬರೆದುಬಿಡುತ್ತಾರೆ. ತಾತ್ಕಾಲಿಕ ತಡೆ ಕೇಳುವುದನ್ನು ಮರೆಯಬೇಡಿ. ಅಪಾಯ ಗೊತ್ತಿದ್ದೂ ಏನೂ ಮಾಡಲಿಲ್ಲ ಎಂಬ ಹೊಣೆ ಆ ಒಂದು ಸಾಲಿನಿಂದ ಕಚೇರಿಯ ಮೇಲೆ ಬೀಳುತ್ತದೆ.

ಫೋಟೋ ಎರಡು ಬಗೆಯದಿರಲಿ. ಒಂದು ಹತ್ತಿರದ್ದು, ಅಳತೆ ಟೇಪು ಅಥವಾ ಕೋಲು ಪಕ್ಕದಲ್ಲಿ ಇಟ್ಟು. ಇನ್ನೊಂದು ದೂರದ್ದು, ಅಂಗಡಿ ಬೋರ್ಡೋ ಕಂಬವೋ ಕಾಣುವಂತೆ. ಬರೀ ಗುಂಡಿಯ ಫೋಟೋ ಯಾವ ಊರಿನದ್ದೂ ಆಗಬಹುದು.

ಅರ್ಜಿಯನ್ನು ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ‘ಇಟ್ಟು ಹೋಗಿ, ನೋಡ್ತೀವಿ’ ಎಂದರೆ ಇಟ್ಟು ಹೋಗಬೇಡಿ. ಅಷ್ಟು ದೂರ ಹೋಗಲಾಗದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಜೋಪಾನ ಮಾಡಿ. ಆ್ಯಪ್ ಬಳಸುವವರು ದೂರಿನ ಸಂಖ್ಯೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ಬ್ರಿಟನ್ನಿನಲ್ಲಿ 2007ರಲ್ಲಿ ಶುರುವಾದ ಫಿಕ್ಸ್‌ಮೈಸ್ಟ್ರೀಟ್ ಎಂಬ ತಾಣದಲ್ಲಿ ಪ್ರತಿಯೊಬ್ಬರ ದೂರೂ ನಕ್ಷೆಯ ಮೇಲೆ ಎಲ್ಲರಿಗೂ ಕಾಣುತ್ತದೆ, ಯಾವುದು ಎಷ್ಟು ದಿನದಿಂದ ಬಾಕಿ ಎಂಬುದೂ ಗೊತ್ತಾಗುತ್ತದೆ. ನಿಮ್ಮ ಊರಿನ ಆ್ಯಪ್‌ನಲ್ಲಿ ಹಾಗೆ ಕಾಣದಿದ್ದರೆ ಬೀದಿಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ದೂರಿನ ಸಂಖ್ಯೆಗಳನ್ನು ಹಾಕಿಡಿ.

ಆ್ಯಪ್ ಬಾರದವರು ಸಂಕೋಚಪಡಬೇಕಿಲ್ಲ. ಕಾಗದದ ಅರ್ಜಿಗೆ ಇರುವ ತೂಕವೇ ಬೇರೆ, ಅದು ಮೇಜಿನ ಮೇಲೆ ಜಾಗ ಹಿಡಿಯುತ್ತದೆ.

ಬೆನ್ನು ಬಿಡದಿರುವುದು

ಹದಿನೈದು ದಿನ ಕಾಯಿರಿ. ಆಮೇಲೆ ಹಳೆಯ ಅರ್ಜಿಯ ದಿನಾಂಕ, ಸಂಖ್ಯೆ ಹಾಕಿ ನಾಲ್ಕು ಸಾಲಿನ ಜ್ಞಾಪನ ಪತ್ರ ಬರೆಯಿರಿ. ಅದರ ಪ್ರತಿಯನ್ನು ಮೇಲಧಿಕಾರಿಗೂ ವಾರ್ಡಿನ ಜನಪ್ರತಿನಿಧಿಗೂ ಕಳಿಸಿ. ಕೋಪ ಬೇಡ, ವ್ಯಂಗ್ಯವಂತೂ ಬೇಡವೇ ಬೇಡ. ಕೌಂಟರಿನಲ್ಲಿ ಕುಳಿತ ಗುಮಾಸ್ತರು ಚಪ್ಪಡಿ ಮುರಿದವರಲ್ಲ. ಅವರ ಹತ್ತಿರ ಒಳ್ಳೆಯ ಮಾತಿದ್ದರೆ ಕಡತ ಯಾವ ಮೇಜಿನಲ್ಲಿದೆ ಎಂಬುದಾದರೂ ತಿಳಿಯುತ್ತದೆ.

ಆಗಲೂ ಸದ್ದಿಲ್ಲದಿದ್ದರೆ ಮಾಹಿತಿ ಕೇಳುವ ಹಕ್ಕು ಇದೆ. ಸ್ವೀಡನ್ ಇಂಥ ಕಾನೂನನ್ನು 1766ರಲ್ಲೇ ಮಾಡಿತು. ಭಾರತದಲ್ಲಿ ಅದು ಬಂದದ್ದು 2005ರಲ್ಲಿ, ಉತ್ತರಕ್ಕೆ 30 ದಿನಗಳ ಗಡುವಿದೆ. ‘ಏಕೆ ಮಾಡಿಲ್ಲ’ ಎಂದು ಕೇಳಿದರೆ ಜಾರಿಕೊಳ್ಳಲು ದಾರಿಯಾಗುತ್ತದೆ. ‘ಇಂಥ ದಿನಾಂಕದ ನನ್ನ ಅರ್ಜಿಯ ಮೇಲೆ ಬರೆದ ಟಿಪ್ಪಣಿಗಳ ಪ್ರತಿ ಕೊಡಿ’, ‘ಈ ರಸ್ತೆಯ ಫುಟ್‌ಪಾತ್ ಕೆಲಸದ ಗುತ್ತಿಗೆ ಪತ್ರದ ಪ್ರತಿ ಕೊಡಿ’ ಎಂದು ದಾಖಲೆಯನ್ನೇ ಕೇಳಿ. ಟಿಪ್ಪಣಿಯ ಪ್ರತಿ ಕೇಳಿದ್ದು ತಿಳಿದ ಮೇಲೆ, ಖಾಲಿ ಇದ್ದ ಹಾಳೆಯ ಮೇಲೆ ಯಾರಾದರೂ ಏನಾದರೂ ಬರೆಯಲೇಬೇಕಾಗುತ್ತದೆ.

ಹಣ ಬೇಕಾಗುವ ದೊಡ್ಡ ಕೆಲಸಗಳಿಗೆ, ಅಂದರೆ ಇಡೀ ಉದ್ದದ ಫುಟ್‌ಪಾತ್, ಹೊಸ ಶೌಚಾಲಯ ಇಂಥವಕ್ಕೆ, ಬಜೆಟ್ ತಯಾರಾಗುವ ಮುಂಚೆ ಕೇಳಬೇಕು. ಬಜೆಟ್ ಮಂಡನೆಯಾದ ಮೇಲೆ ಕೊಟ್ಟ ಅರ್ಜಿ ಮುಂದಿನ ವರ್ಷಕ್ಕೆ ಹೋಗುತ್ತದೆ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ಬಡಾವಣೆಯ ಜನರೇ ಸಭೆ ಸೇರಿ ಯಾವ ಕೆಲಸಕ್ಕೆ ಮೊದಲು ಹಣ ಎಂದು ಹೇಳುವ ಪದ್ಧತಿ ಶುರುವಾಗಿ, ಆಮೇಲೆ ಎಷ್ಟೋ ದೇಶಗಳ ನಗರಗಳು ಅದನ್ನು ಎತ್ತಿಕೊಂಡವು. ನಿಮ್ಮಲ್ಲಿ ವಾರ್ಡ್ ಸಭೆ ನಡೆಯುತ್ತಿದ್ದರೆ ತಪ್ಪಿಸಬೇಡಿ. ಇನ್ನೊಂದು ಉಪಾಯ: ಅಕ್ಟೋಬರ್ 1 ಹಿರಿಯ ನಾಗರಿಕರ ಅಂತರರಾಷ್ಟ್ರೀಯ ದಿನ. ಅಂದು ಅಧಿಕಾರಿಗಳು, ಜನಪ್ರತಿನಿಧಿಗಳು ನಿಮ್ಮನ್ನು ಹುಡುಕಿಕೊಂಡು ಬಂದು ಭಾಷಣ ಮಾಡುತ್ತಾರೆ. ಸನ್ಮಾನಕ್ಕೆ ಕರೆದರೆ ಹೋಗಿ, ಕೈಯಲ್ಲಿ ಅರ್ಜಿಯ ಎರಡು ಪ್ರತಿ ಹಿಡಿದುಕೊಂಡೇ ಹೋಗಿ.

ಒಂದು ಎಚ್ಚರಿಕೆಯ ಮಾತು. ದೂರು ಕೊಟ್ಟ ಮೇಲೆ ‘ನಿಮ್ಮ ಕಂಪ್ಲೇಂಟ್ ವಿಚಾರವಾಗಿ ಕರೆ ಮಾಡಿದ್ದೇವೆ’ ಎಂದು ಫೋನ್ ಬರಬಹುದು. ಸಣ್ಣ ಶುಲ್ಕ ಕಟ್ಟಿ, ಲಿಂಕ್ ಒತ್ತಿ, ಒಟಿಪಿ ಹೇಳಿ ಎಂದರೆ ಅಲ್ಲಿಗೇ ಫೋನ್ ಇಡಿ. ಆ್ಯಪ್‌ಗೆ ನೀವೇ ಲಾಗಿನ್ ಆಗುವಾಗ ಬರುವ ಒಟಿಪಿ ಬೇರೆ, ಯಾರೋ ಕರೆ ಮಾಡಿ ಕೇಳುವ ಒಟಿಪಿ ಬೇರೆ. ಕಚೇರಿಗಳ ಫೋನ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡದ್ದಕ್ಕೆ ಕರೆ ಮಾಡುವುದೂ ಸರಿಯಲ್ಲ. ಕಚೇರಿಯ ಗೋಡೆಯ ಮೇಲೆ ಬರೆದ ನಂಬರು, ನೀರಿನ ಬಿಲ್ಲಿನ ಮೇಲಿನ ನಂಬರು ನಂಬಲು ಯೋಗ್ಯ.

ನಾಲ್ಕು ಜನ ಸೇರಿದರೆ

ಇಷ್ಟನ್ನು ಒಬ್ಬರೇ ಮಾಡಬಹುದು, ಆದರೆ ಬೇಸರ ಬರುತ್ತದೆ. ನಾಲ್ಕೈದು ಜನರಾದರೆ ಕೆಲಸ ಹಂಚಿಕೊಳ್ಳಬಹುದು: ಅಕ್ಷರ ಚೆನ್ನಾಗಿರುವವರು ಬರೆಯಲಿ, ಫೋನು ಬಲ್ಲವರು ಫೋಟೋ ತೆಗೆಯಲಿ, ಕೆಲಸದಲ್ಲಿದ್ದಾಗ ಕಚೇರಿ ಕಡತ ನೋಡಿ ಪಳಗಿದ ನಿವೃತ್ತರು ಬೆನ್ನು ಹತ್ತಲಿ. ಮನೆ ಬಿಟ್ಟು ಬರಲಾಗದವರಿಗೆ ಫೋನ್ ಮಾಡುವ ಕೆಲಸ ಕೊಡಿ. ಪದಾಧಿಕಾರಿಗಳ ಪಟ್ಟಿ, ಬ್ಯಾನರು, ಉದ್ಘಾಟನೆ ಮಾತ್ರ ಬೇಡ. ಎಷ್ಟೋ ಒಳ್ಳೆಯ ಗುಂಪುಗಳು ಅಧ್ಯಕ್ಷರು ಯಾರು ಎಂಬುದರಲ್ಲೇ ಒಡೆದವು.

ಈ ಗುಂಪಿನಿಂದ ಆಗುವ ಇನ್ನೊಂದು ಉಪಕಾರ ಫುಟ್‌ಪಾತಿಗಿಂತ ದೊಡ್ಡದಿರಬಹುದು. 1995ರ ಜುಲೈನಲ್ಲಿ ಶಿಕಾಗೊ ನಗರದಲ್ಲಿ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳ ಮಂದಿ ಒಬ್ಬರೇ ವಾಸವಾಗಿದ್ದ ವೃದ್ಧರು. 2003ರ ಬೇಸಿಗೆಯಲ್ಲಿ ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಸಾವು. ಅದಾದ ಮೇಲೆ ಅಲ್ಲಿನ ಪುರಸಭೆಗಳು ಒಂದು ದಾಖಲೆ ಪುಸ್ತಕ ಇಡತೊಡಗಿದವು. ಒಂಟಿಯಾಗಿರುವ ಹಿರಿಯರು ತಮ್ಮ ಹೆಸರು ಬರೆಸಬಹುದು, ಬಿಸಿಲು ಏರಿದ ದಿನಗಳಲ್ಲಿ ಅವರಿಗೆ ಫೋನ್ ಮಾಡಿ ವಿಚಾರಿಸುತ್ತಾರೆ. ಅಹಮದಾಬಾದ್ 2010ರ ಬಿಸಿಗಾಳಿಯ ಅನುಭವದ ಮೇಲೆ 2013ರಲ್ಲಿ ತನ್ನದೇ ಯೋಜನೆ ಮಾಡಿಕೊಂಡಿತು. ವಯಸ್ಸಾದಂತೆ ಬಾಯಾರಿಕೆ ತಿಳಿಯುವುದು ಕಮ್ಮಿ, ಬೆವರುವುದೂ ಕಮ್ಮಿ. ಮೈ ಕಾದದ್ದು ತಮಗೇ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಪುರಸಭೆ ಮಾಡುವವರೆಗೆ ಕಾಯಬೇಕಿಲ್ಲ. ಬೀದಿಯಲ್ಲಿ ಒಂಟಿಯಾಗಿರುವವರ ಹೆಸರು, ಫೋನ್ ನಂಬರು, ಮನೆಯ ಬೀಗದ ಇನ್ನೊಂದು ಕೈ ಯಾರ ಹತ್ತಿರ ಇದೆ, ದೂರದಲ್ಲಿರುವ ಮಕ್ಕಳ ನಂಬರು, ಇಷ್ಟನ್ನು ಅವರ ಒಪ್ಪಿಗೆ ಪಡೆದು ಒಂದು ಪುಸ್ತಕದಲ್ಲಿ ಬರೆದಿಡಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಬೇಡಿ. ಒಂಟಿಯಾಗಿರುವವರ ಪಟ್ಟಿ ಯಾರ ಯಾರ ಕೈಗೋ ಹೋಗುವಂಥದ್ದಲ್ಲ. ದಿನಾ ಬೆಳಿಗ್ಗೆ ಗೊತ್ತಾದ ಹೊತ್ತಿಗೆ ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡುವ ಸರಪಳಿ ಇಟ್ಟುಕೊಳ್ಳಿ. ಎರಡು ಸಲ ಮಾಡಿದರೂ ಎತ್ತದಿದ್ದರೆ ಹೋಗಿ ಬಾಗಿಲು ತಟ್ಟುವುದು. ಒಂಟಿತನಕ್ಕೂ ಇದು ಮದ್ದು, ಆದರೆ ಹಾಗೆಂದು ಹೇಳಿ ಕರೆಯಬೇಡಿ. ‘ನಿಮಗೆ ಒಂಟಿತನ ಕಾಡುತ್ತಿದೆಯಾ’ ಎಂದು ಕೇಳಿದರೆ ಯಾರೂ ಹೌದು ಅನ್ನುವುದಿಲ್ಲ, ‘ನಾಳೆ ಸಿಗ್ನಲ್ ಸಮಯ ಎಣಿಸಲು ಬನ್ನಿ’ ಎಂದರೆ ಬರುತ್ತಾರೆ.

ಈ ಓಡಾಟದ ನಡುವೆ ಮೈಯನ್ನೂ ನೋಡಿಕೊಳ್ಳಿ. ವಾರಕ್ಕೆ 150 ನಿಮಿಷ ಸಾಧಾರಣ ಬಿರುಸಿನ ನಡಿಗೆ, ಮೂರು ದಿನವಾದರೂ ದೇಹದ ಸಮತೋಲಕ್ಕೆ ಸಂಬಂಧಿಸಿದ ವ್ಯಾಯಾಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಿರಿಯರಿಗೆ ಹೇಳುವ ಅಳತೆ. ಅಡುಗೆಮನೆ ಕಟ್ಟೆ ಹಿಡಿದು ಒಂಟಿಕಾಲಿನ ಮೇಲೆ ನಿಲ್ಲುವುದೂ ಲೆಕ್ಕಕ್ಕೆ ಬರುತ್ತದೆ. ಕಚೇರಿಯಿಂದ ಬಂದ ದಿನ ರಾತ್ರಿ ನಿದ್ದೆ ಬಾರದಷ್ಟು ಸಿಟ್ಟು ಬರುತ್ತಿದ್ದರೆ ಮುಂದಿನ ಸಲ ಬೇರೆಯವರನ್ನು ಕಳಿಸಿ. ಒಂದು ಚಪ್ಪಡಿಗಾಗಿ ಬಿಪಿ ಏರಿಸಿಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಕೆಲಸ ಶುರುವಾದ ದಿನ

ಕೂಲಿಯವರು ಬಂದು ಅಗೆಯತೊಡಗಿದಾಗ ಮನೆಯೊಳಗೆ ಇರಬೇಡಿ. ಪಕ್ಕದಲ್ಲಿ ನಿಂತು ಮೇಸ್ತ್ರಿಯನ್ನು ಮಾತಾಡಿಸಿ, ಚಪ್ಪಡಿ ಕುಳಿತ ಮೇಲೆ ಕೋಲಿನಿಂದ ನಾಲ್ಕೂ ಮೂಲೆ ಒತ್ತಿ ನೋಡಿ. ಸಿಮೆಂಟ್ ಹಾಕಿದ್ದರೆ ಕನಿಷ್ಠ ಏಳು ದಿನ ಅದು ಒಣಗದಂತೆ ನೀರು ಹಾಕಬೇಕು. ಹಾಕುವವರು ಬಾರದಿದ್ದರೆ ಬೀದಿಯವರೇ ಒಂದೊಂದು ಬಕೆಟ್ ಹಾಕಿದರೂ ನಡೆಯುತ್ತದೆ. ಅಗೆದ ಮಣ್ಣು, ಮುರಿದ ಕಲ್ಲು ಫುಟ್‌ಪಾತಿನ ಮೇಲೆಯೇ ಬಿಟ್ಟು ಹೋಗುವುದು ಮಾಮೂಲು, ಅದನ್ನು ತೆಗೆಯುವುದೂ ಸಾಮಾನ್ಯವಾಗಿ ಅದೇ ಗುತ್ತಿಗೆಯಲ್ಲಿ ಸೇರಿರುತ್ತದೆ. ಮುಗಿದ ಕೆಲಸದ ಫೋಟೋ ತೆಗೆದು, ಹಳೆಯದರ ಜೊತೆ ಸೇರಿಸಿ ಕಚೇರಿಗೆ ಕಳಿಸಿ. ಕೆಲಸ ಮಾಡಿಸಿದ ಎಂಜಿನಿಯರಿಗೆ ಒಂದು ಧನ್ಯವಾದದ ಸಾಲು, ಅದರ ಪ್ರತಿ ಅವರ ಮೇಲಧಿಕಾರಿಗೆ ಹೋಗಲಿ. ಅವರಿಗೆ ಬರುವ ಕಾಗದಗಳಲ್ಲಿ ಅಂಥದ್ದು ಬಹಳ ಕಮ್ಮಿ.

ಕೆಲಸ ಆಗದೆಯೇ ಆ್ಯಪ್‌ನಲ್ಲಿ ‘ಪರಿಹರಿಸಲಾಗಿದೆ’ ಎಂದು ಬಂದರೆ ಅದೇ ದಿನದ ಫೋಟೋ ಹಾಕಿ ದೂರನ್ನು ಮತ್ತೆ ತೆರೆಯಿರಿ. ಕೆಲಸ ಆಗಿಯೂ ಮೊದಲ ಮಳೆಗೆ ಕಿತ್ತು ಬಂದರೆ ಹೊಸ ದೂರು ಬರೆಯಬೇಡಿ. ಇಂಥ ಗುತ್ತಿಗೆಗಳಲ್ಲಿ ದೋಷ ಹೊಣೆಯ ಅವಧಿ ಎಂದು ಒಂದಿರುತ್ತದೆ, ಆ ಅವಧಿಯೊಳಗೆ ಕೆಟ್ಟದ್ದನ್ನು ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿಮಾಡಿಕೊಡಬೇಕು. ಹಳೆಯ ದೂರಿನ ಸಂಖ್ಯೆ, ಕೆಲಸ ಮುಗಿದ ದಿನಾಂಕ, ಎರಡನ್ನೂ ಮೇಲೆ ಬರೆದು, ‘ದೋಷ ಹೊಣೆಯ ಅವಧಿಯಲ್ಲಿ ದುರಸ್ತಿ ಮಾಡಿಸಿ’ ಎಂದು ಕೇಳಿ.